ಅಲಾಸ್ಕಾ ಹಡಗು ಪ್ರವಾಸ: ಮಾರ್ಗದ ಆಯ್ಕೆಯಿಂದ ದಡದ ಪ್ರವಾಸಗಳವರೆಗೆ ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿ ನೆಲೆಸಿರುವ ಮಕ್ಕಳ ಮನೆಗೆ ಬೇಸಿಗೆಯಲ್ಲಿ ಹೋಗುವ ಕನ್ನಡಿಗ ತಂದೆತಾಯಂದಿರಿಗೆ ಅಲಾಸ್ಕಾದ ಕ್ರೂಸ್ ಬಹಳ ಒಪ್ಪುವ ಪ್ರವಾಸ. ಏಳು ರಾತ್ರಿ ಒಂದೇ ಕೋಣೆಯಲ್ಲಿ ವಾಸ, ದಿನದಿನವೂ ಪೆಟ್ಟಿಗೆ ಕಟ್ಟುವ ಗೋಜಿಲ್ಲ, ಮೊಣಕಾಲು ನೋವಿರುವವರೂ ಕುಳಿತಲ್ಲಿಂದಲೇ ಹಿಮನದಿಯನ್ನು ಕಣ್ತುಂಬ ನೋಡಬಹುದು. ಆದರೆ ಹೆಚ್ಚಿನವರು ಹಡಗಿನ ಹೆಸರು, ಅದರೊಳಗಿನ ಈಜುಕೊಳ, ಟಿಕೆಟ್ ದರ ಇಷ್ಟನ್ನೇ ನೋಡಿ ಬುಕ್ ಮಾಡುತ್ತಾರೆ. ಬೆಚ್ಚನೆಯ ಕಡಲಿನ ಕ್ರೂಸ್‌ಗೆ ಆ ಕ್ರಮ ಸಾಕಾಗಬಹುದು. ಚಳಿ ಪ್ರದೇಶದ ಕ್ರೂಸ್‌ಗೆ ಸಾಲದು. ಇಲ್ಲಿ ಮೊದಲು ನೋಡಬೇಕಾದದ್ದು ಹಡಗು ಯಾವ ನೀರಿನಲ್ಲಿ ಸಾಗುತ್ತದೆ, ಯಾವ ಹಿಮನದಿಯ ಮುಂದೆ ನಿಲ್ಲುತ್ತದೆ, ಪ್ರತಿ ಬಂದರಿನಲ್ಲಿ ಎಷ್ಟು ಗಂಟೆ ತಂಗುತ್ತದೆ ಎಂಬ ಮೂರು ವಿಷಯಗಳನ್ನು. ಹಡಗಿನ ಆಯ್ಕೆ ಅದಾದ ಮೇಲೆ.

ಮೊದಲ ಹೆಜ್ಜೆ: ಮಾರ್ಗ

ಅಲಾಸ್ಕಾಕ್ಕೆ ಹೋಗುವ ದೊಡ್ಡ ಹಡಗುಗಳು ಮುಖ್ಯವಾಗಿ ಮೂರು ಬಗೆಯಲ್ಲಿ ಸಂಚರಿಸುತ್ತವೆ: ಸಿಯಾಟಲ್‌ನಿಂದ ಹೊರಟು ಸಿಯಾಟಲ್‌ಗೇ ಮರಳುವುದು, ಕೆನಡಾದ ವ್ಯಾಂಕೂವರ್‌ನಿಂದ ಹೊರಟು ಅಲ್ಲಿಗೇ ಮರಳುವುದು, ಇಲ್ಲವೇ ವ್ಯಾಂಕೂವರ್ ಮತ್ತು ಆಂಕರೇಜ್ ಸಮೀಪದ ಸೀವರ್ಡ್ ಅಥವಾ ವಿಟ್ಟಿಯರ್ ಬಂದರುಗಳ ನಡುವೆ ಒಮ್ಮುಖವಾಗಿ ಸಾಗುವುದು. ಈ ವಿಭಾಗದ ಹಿಂದೆ ಒಂದು ಹಳೆಯ ಕಾನೂನಿದೆ. ಅಮೆರಿಕದ 1886ರ ಪ್ರಯಾಣಿಕ ನೌಕಾ ಕಾಯ್ದೆಯ ಪ್ರಕಾರ, ವಿದೇಶದಲ್ಲಿ ನೋಂದಾಯಿಸಿದ ಹಡಗು ಅಮೆರಿಕದ ಬಂದರಿನಿಂದ ಹೊರಟು ಅದೇ ಬಂದರಿಗೆ ಪ್ರಯಾಣಿಕರನ್ನು ಮರಳಿ ಕರೆತರುವುದಾದರೆ ನಡುವೆ ಒಂದು ವಿದೇಶಿ ಬಂದರನ್ನು ಮುಟ್ಟಲೇಬೇಕು. ಬಹುತೇಕ ಎಲ್ಲ ದೊಡ್ಡ ಕ್ರೂಸ್ ಹಡಗುಗಳೂ ಹೊರದೇಶಗಳಲ್ಲಿ ನೋಂದಣಿಯಾದವು. ಆದ್ದರಿಂದಲೇ ಸಿಯಾಟಲ್‌ನಿಂದ ಹೊರಡುವ ಹಡಗುಗಳು ಸಾಮಾನ್ಯವಾಗಿ ಕೆನಡಾದ ವಿಕ್ಟೋರಿಯಾದಲ್ಲಿ ಒಂದು ಸಂಜೆ ನಿಲ್ಲುತ್ತವೆ. ಈ ಒಂದು ನಿಲುಗಡೆ ನಮ್ಮ ವೀಸಾ ಲೆಕ್ಕಾಚಾರವನ್ನೇ ಬದಲಿಸುತ್ತದೆ. ಅದನ್ನು ಮುಂದೆ ವಿವರಿಸಿದ್ದೇನೆ.

ಸಮುದ್ರದ ಏರಿಳಿತದ ದೃಷ್ಟಿಯಿಂದಲೂ ಈ ಮಾರ್ಗಗಳು ಒಂದೇ ಅಲ್ಲ. ವ್ಯಾಂಕೂವರ್‌ನಿಂದ ಹೊರಡುವ ಹಡಗು ವ್ಯಾಂಕೂವರ್ ದ್ವೀಪದ ಒಳಬದಿಯಲ್ಲಿ, ದ್ವೀಪಗಳ ಮರೆಯಲ್ಲಿರುವ ಇನ್‌ಸೈಡ್ ಪ್ಯಾಸೇಜ್ ಎಂಬ ಶಾಂತ ಜಲಮಾರ್ಗದಲ್ಲಿ ಬಹುಪಾಲು ಸಾಗುತ್ತದೆ. ಸಿಯಾಟಲ್‌ನ ಹಡಗುಗಳು ಸಾಮಾನ್ಯವಾಗಿ ಅದೇ ದ್ವೀಪದ ಹೊರಬದಿಯಲ್ಲಿ, ತೆರೆದ ಪೆಸಿಫಿಕ್ ಸಾಗರದಲ್ಲಿ ಸಾಗುವುದರಿಂದ ಮೊದಲ ಮತ್ತು ಕೊನೆಯ ದಿನಗಳಲ್ಲಿ ಹೊಯ್ದಾಟ ಹೆಚ್ಚು. ಒಮ್ಮುಖ ಮಾರ್ಗದಲ್ಲಿ ಅಲಾಸ್ಕಾ ಕೊಲ್ಲಿಯನ್ನು ದಾಟುವಾಗ ಅದೇ ಅನುಭವ. ಬಸ್ಸಿನ ತಿರುವುಗಳಲ್ಲೇ ವಾಂತಿಯಾಗುವವರು ಜೊತೆಗಿದ್ದರೆ, ಟಿಕೆಟ್ ಸ್ವಲ್ಪ ದುಬಾರಿಯಾದರೂ ವ್ಯಾಂಕೂವರ್ ಮಾರ್ಗವೇ ಮೇಲು.

ಇನ್ನು ಹಿಮನದಿ. ಪ್ರತಿ ಪ್ರವಾಸದಲ್ಲೂ ಒಂದು ದಿನವನ್ನು ಬಂದರಿಗೆ ಇಳಿಯದೆ ಹಿಮನದಿಯ ಮುಂದೆ ಕಳೆಯುವುದು ವಾಡಿಕೆ, ಮತ್ತು ಆ ದಿನ ಎಲ್ಲಿ ಎಂಬುದೇ ಇಡೀ ಪ್ರವಾಸದ ಸಾರ್ಥಕತೆಯನ್ನು ನಿರ್ಧರಿಸುತ್ತದೆ ಎಂದು ನಾನು ನಂಬಿದ್ದೇನೆ. ಗ್ಲೇಸಿಯರ್ ಬೇ ರಾಷ್ಟ್ರೀಯ ಉದ್ಯಾನಕ್ಕೆ ದಿನಕ್ಕೆ ಎರಡು ದೊಡ್ಡ ಕ್ರೂಸ್ ಹಡಗುಗಳಿಗೆ ಮಾತ್ರ ಪ್ರವೇಶ. ಹಾಲೆಂಡ್ ಅಮೆರಿಕ, ಪ್ರಿನ್ಸೆಸ್, ನಾರ್ವೇಜಿಯನ್ ಮುಂತಾದ ಕೆಲವೇ ಕಂಪನಿಗಳ ಹಡಗುಗಳು ಅಲ್ಲಿಗೆ ಹೋಗುತ್ತವೆ. ಉದ್ಯಾನದ ರೇಂಜರ್‌ಗಳು ಹಡಗಿಗೇ ಬಂದು ದಿನವಿಡೀ ವಿವರಣೆ ಕೊಡುತ್ತಾರೆ. ಬ್ರಿಟಿಷ್ ನೌಕಾಧಿಕಾರಿ ಜಾರ್ಜ್ ವ್ಯಾಂಕೂವರನ ತಂಡ 1794ರಲ್ಲಿ ಇಲ್ಲಿಗೆ ಬಂದಾಗ ಹಿಮ ಹೆಚ್ಚುಕಡಿಮೆ ಕೊಲ್ಲಿಯ ಬಾಯಿಯವರೆಗೂ ಚಾಚಿಕೊಂಡಿತ್ತು. ಇಂದು ಮಾರ್ಜರಿ ಹಿಮನದಿಯ ಮುಖ ಕಾಣಬೇಕಾದರೆ ಹಡಗು ಸುಮಾರು 100 ಕಿಲೋಮೀಟರ್ ಒಳಗೆ ಸಾಗಬೇಕು. ಸುಮಾರು ಎರಡು ಶತಮಾನಗಳಲ್ಲಿ ಹಿಮ ಬಿಟ್ಟುಕೊಟ್ಟ ಆ ದಾರಿಯಲ್ಲೇ ನಾವು ಹೋಗುವುದು. ಒಮ್ಮುಖ ಮಾರ್ಗಗಳಲ್ಲಿ ಹೆಚ್ಚಾಗಿ ಸಿಗುವ ಹಬ್ಬರ್ಡ್ ಹಿಮನದಿ ಇದಕ್ಕಿಂತ ಬಹಳ ದೊಡ್ಡದು, ಮತ್ತು ಹಿಮ್ಮೆಟ್ಟುವ ಬದಲು ಮುಂದಕ್ಕೆ ಚಾಚುತ್ತಿರುವ ಅಪರೂಪದ ಹಿಮನದಿ ಅದು. ಮೂರನೆಯ ಆಯ್ಕೆ ಎಂಡಿಕಾಟ್ ಆರ್ಮ್ ಎಂಬ, ಬೆಟ್ಟಗಳ ನಡುವಿನ ಕಿರಿದಾದ ಕಡಲ ಚಾಚು. ಅದರ ನೆರೆಯ ಟ್ರೇಸಿ ಆರ್ಮ್‌ನಲ್ಲಿ 2025ರ ಆಗಸ್ಟ್‌ನಲ್ಲಿ ಭಾರೀ ಭೂಕುಸಿತವಾಗಿ ಸುನಾಮಿ ಎದ್ದಿತ್ತು. ಆ ಬಳಿಕ ಹಲವು ಕಂಪನಿಗಳು ಎಂಡಿಕಾಟ್ ಕಡೆಗೆ ಹೊರಳಿವೆ. ಹಳೆಯ ಜಾಹೀರಾತಿನಲ್ಲಿ ಟ್ರೇಸಿ ಆರ್ಮ್ ಎಂದಿದ್ದರೆ ಈಗಿನ ಮಾರ್ಗ ಯಾವುದೆಂದು ಕೇಳಿ ಖಚಿತಪಡಿಸಿಕೊಳ್ಳಬೇಕು.

ಎರಡನೆಯ ಹೆಜ್ಜೆ: ತಿಂಗಳು

ಹಂಗಾಮು ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ. ಆಗ್ನೇಯ ಅಲಾಸ್ಕಾದಲ್ಲಿ ಮೇ ತಿಂಗಳಲ್ಲಿ ಮಳೆ ಕಡಿಮೆ, ಬೆಟ್ಟಗಳ ಮೇಲೆ ಹಿಮ ಇನ್ನೂ ಉಳಿದಿರುತ್ತದೆ, ದರವೂ ಇಳಿದಿರುತ್ತದೆ. ಜೂನ್ ಮತ್ತು ಜುಲೈ ಬೆಚ್ಚಗಿನ ತಿಂಗಳುಗಳು. ಜೂನ್ 21ರ ಆಸುಪಾಸಿನಲ್ಲಿ ಜೂನೋ ನಗರದಲ್ಲಿ ಹಗಲು ಸುಮಾರು 18 ಗಂಟೆ ಇರುತ್ತದೆ. ಕರಡಿಗಳನ್ನು ನೋಡಲೇಬೇಕೆಂಬ ಆಸೆಯಿದ್ದರೆ ಸಾಲ್ಮನ್ ಮೀನುಗಳು ಹೊಳೆಗಳಿಗೆ ಏರಿಬರುವ ಜುಲೈ ಕೊನೆ ಮತ್ತು ಆಗಸ್ಟ್ ಸೂಕ್ತ, ಏಕೆಂದರೆ ಮೀನು ಬಂದಲ್ಲಿಗೆ ಕರಡಿ ಬರುತ್ತದೆ. ಹಂಪ್‌ಬ್ಯಾಕ್ ತಿಮಿಂಗಿಲಗಳು ಚಳಿಗಾಲವನ್ನು ಹವಾಯಿಯ ಕಡೆ ಕಳೆದು ಬೇಸಿಗೆಯಲ್ಲಿ ಮೇಯಲು ಇಲ್ಲಿಗೆ ಬರುವುದರಿಂದ ಜೂನ್‌ನಿಂದ ಆಗಸ್ಟ್‌ವರೆಗೆ ಕಾಣುವ ಸಾಧ್ಯತೆ ತುಂಬ ಚೆನ್ನಾಗಿದೆ. ಸೆಪ್ಟೆಂಬರ್‌ನಲ್ಲಿ ಮಳೆ ಜೋರು. ಮಕ್ಕಳ ಶಾಲಾ ರಜೆಯ ಬಂಧನವಿಲ್ಲದ ಹಿರಿಯರಿಗೆ ಮೇ ಕೊನೆಯ ವಾರದಿಂದ ಜೂನ್ ಮಧ್ಯದವರೆಗಿನ ಅವಧಿಯನ್ನು ನಾನು ಸೂಚಿಸುತ್ತೇನೆ.

ಮೂರನೆಯ ಹೆಜ್ಜೆ: ಕಾಗದಪತ್ರ

ಹಣ ಕಟ್ಟುವ ಮುನ್ನವೇ ಇದು ಮುಗಿದಿರಬೇಕು. ಭಾರತೀಯ ಪಾಸ್‌ಪೋರ್ಟ್ ಇರುವವರಿಗೆ ಅಮೆರಿಕದ ವೀಸಾದ ಜೊತೆಗೆ ಕೆನಡಾದ ಸಂದರ್ಶಕ ವೀಸಾ ಕೂಡ ಬೇಕು. ಹಡಗು ಸಿಯಾಟಲ್‌ನಿಂದ ಹೊರಟು ವಿಕ್ಟೋರಿಯಾದಲ್ಲಿ ನಾಲ್ಕೈದು ಗಂಟೆ ಮಾತ್ರ ನಿಲ್ಲುವುದಾದರೂ, ನೀವು ಅಲ್ಲಿ ಕೆಳಗಿಳಿಯದೆ ಕೋಣೆಯಲ್ಲೇ ಮಲಗಿರುವುದಾದರೂ ಈ ಅಗತ್ಯ ತಪ್ಪುವುದಿಲ್ಲ. ವೀಸಾ ಇಲ್ಲದವರನ್ನು ಹಡಗು ಹತ್ತುವ ಕೌಂಟರಿನಲ್ಲೇ ತಡೆಯಲಾಗುತ್ತದೆ. ವ್ಯಾಂಕೂವರ್‌ನಿಂದ ಹೊರಡುವವರು ಕೆನಡಾದಿಂದ ಅಮೆರಿಕಕ್ಕೆ, ಮತ್ತೆ ಕೆನಡಾಕ್ಕೆ ಬರುವುದರಿಂದ ಎರಡೂ ವೀಸಾಗಳು ಒಂದಕ್ಕಿಂತ ಹೆಚ್ಚು ಸಲ ಪ್ರವೇಶ ಕೊಡುವಂಥವೇ ಎಂದು ನೋಡಿಕೊಳ್ಳಬೇಕು. ಅಮೆರಿಕದ ಗ್ರೀನ್ ಕಾರ್ಡ್ ಇರುವವರಿಗೆ ಕೆನಡಾದ ವೀಸಾದಿಂದ ವಿನಾಯಿತಿ ಇದೆ, ಆದರೆ ಪಾಸ್‌ಪೋರ್ಟ್ ಮತ್ತು ಮೂಲ ಕಾರ್ಡ್ ಎರಡೂ ಕೈಯಲ್ಲಿರಬೇಕು. ಎಚ್-1ಬಿ ಮೇಲೆ ಇರುವ ಮಗ ಅಥವಾ ಸೊಸೆಯ ಪಾಸ್‌ಪೋರ್ಟಿನಲ್ಲಿ ವೀಸಾ ಮುದ್ರೆಯ ಅವಧಿ ಮುಗಿದಿದ್ದರೆ, ದೇಶದಿಂದ ಹೊರಹೋಗಿ ಮರಳುವ ಪ್ರಶ್ನೆಯನ್ನು ತಮ್ಮ ವಲಸೆ ವಕೀಲರಲ್ಲಿ ಕೇಳಿಯೇ ಮುಂದುವರಿಯಬೇಕು. ಅಮೆರಿಕದ ವೀಸಾ ಸಂದರ್ಶನಕ್ಕೆ ಭಾರತದಲ್ಲಿ ತಿಂಗಳುಗಟ್ಟಲೆ ಕಾಯಬೇಕಾಗುವುದುಂಟು. ಊರಿನಿಂದ ಹೊರಡುವವರು ಒಂದು ವರ್ಷ ಮೊದಲೇ ಕೆಲಸ ಆರಂಭಿಸುವುದು ಒಳ್ಳೆಯದು. ಅಮೆರಿಕಕ್ಕೆ ಹೋಗುವ ಮುಂಚೆಯೇ, ಬೆಂಗಳೂರಿನಲ್ಲಿರುವಾಗಲೇ ಕೆನಡಾ ವೀಸಾವನ್ನೂ ಮಾಡಿಸಿಕೊಂಡರೆ ಅಲ್ಲಿ ಹೋಗಿ ಪಾಸ್‌ಪೋರ್ಟ್ ಅಂಚೆಯಲ್ಲಿ ಕಳುಹಿಸುವ ಪರದಾಟ ಇರುವುದಿಲ್ಲ.

ನಾಲ್ಕನೆಯ ಹೆಜ್ಜೆ: ಕೋಣೆ

ಬಾಲ್ಕನಿ ಇರುವ ಕೋಣೆಗೆ ಹೆಚ್ಚಿನ ಹಣ ಕೊಡಬೇಕಾದ ಪ್ರವಾಸವೊಂದಿದ್ದರೆ ಅದು ಅಲಾಸ್ಕಾದ್ದೇ. ಹಿರಿಯರು ಶಾಲು ಹೊದ್ದು ಕುಳಿತು ನೋಡುತ್ತ, ಚಳಿ ಹೆಚ್ಚಾದಾಗ ಒಂದು ಹೆಜ್ಜೆ ಒಳಗಿಟ್ಟು ಬಾಗಿಲು ಮುಚ್ಚಿಕೊಳ್ಳಬಹುದು. ಹಿಮನದಿಯ ಮುಂದೆ ಹಡಗು ನಿಧಾನವಾಗಿ ತಿರುಗುವುದರಿಂದ ಎಡಬದಿ ಬಲಬದಿ ಎಂಬ ಚಿಂತೆ ಬೇಡ. ಹೊಯ್ದಾಟಕ್ಕೆ ಅಂಜುವವರು ಹಡಗಿನ ಮಧ್ಯಭಾಗದ, ಕೆಳಗಿನ ಮಹಡಿಯ ಕೋಣೆ ಕೇಳಬೇಕು. ಬಜೆಟ್ ಬಿಗಿಯಾಗಿದ್ದರೆ ಕಿಟಕಿಯಿಲ್ಲದ ಒಳಕೋಣೆಯೂ ಸರಿಯೇ, ಉಳಿದ ಹಣವನ್ನು ದಡದ ಒಂದು ಒಳ್ಳೆಯ ಪ್ರವಾಸಕ್ಕೆ ಹಾಕಬಹುದು.

ಐದನೆಯ ಹೆಜ್ಜೆ: ದಡದ ಪ್ರವಾಸಗಳು

ಶೋರ್ ಎಕ್ಸ್‌ಕರ್ಷನ್ ಎಂದು ಹಡಗಿನವರು ಕರೆಯುವ ಈ ಪ್ರವಾಸಗಳ ಪಟ್ಟಿ ತೆರೆದರೆ ಒಂದೊಂದು ಬಂದರಿಗೂ ಹತ್ತಾರು ಆಯ್ಕೆಗಳಿರುತ್ತವೆ, ಎಲ್ಲವೂ ಆಕರ್ಷಕವಾಗಿಯೇ ಕಾಣುತ್ತವೆ. ಪಟ್ಟಿ ನೋಡುವ ಮೊದಲು ಒಂದು ಹಾಳೆಯ ಮೇಲೆ ಬಂದರುಗಳ ಹೆಸರು, ಹಡಗು ಮುಟ್ಟುವ ಸಮಯ, ಹೊರಡುವ ಸಮಯ ಬರೆದುಕೊಳ್ಳಬೇಕು. ಅವೆರಡರ ನಡುವಿನ ಅವಧಿಯಿಂದ, ಇಳಿಯಲು ಅರ್ಧ ಗಂಟೆ, ಹಡಗು ಹೊರಡುವ ಅರ್ಧ ಗಂಟೆ ಮೊದಲೇ ಎಲ್ಲರೂ ಮೇಲಿರಬೇಕೆಂಬ ನಿಯಮಕ್ಕೆ ಅರ್ಧ ಗಂಟೆ ಕಳೆದರೆ ಕೈಗೆ ಸಿಗುವ ನಿಜವಾದ ಕಾಲ ಎಷ್ಟೆಂದು ತಿಳಿಯುತ್ತದೆ. ಹಡಗು ಊರಿನ ಮಧ್ಯದಲ್ಲೇ ನಿಲ್ಲುತ್ತದೆಯೇ ಎಂಬುದನ್ನೂ ನೋಡಬೇಕು: ಕೆಚಿಕಾನ್‌ನಲ್ಲಿ ಕೆಲವು ಹಡಗುಗಳು ಊರಿನಿಂದ ಸುಮಾರು 11 ಕಿಲೋಮೀಟರ್ ದೂರದ ವಾರ್ಡ್ ಕೋವ್‌ನಲ್ಲಿ ನಿಲ್ಲುತ್ತವೆ, ಸಿಟ್ಕಾದ ಕ್ರೂಸ್ ಟರ್ಮಿನಲ್ ಕೂಡ ಪೇಟೆಯಿಂದ ದೂರ. ಶಟಲ್ ಬಸ್ಸಿನ ಸಾಲಿನಲ್ಲಿ ನಿಂತು ಕಳೆಯುವ ಹೊತ್ತೂ ಲೆಕ್ಕಕ್ಕೆ ಸೇರಬೇಕು.

ಆಮೇಲೆ ಹಣ. ಪ್ರತಿ ಬಂದರಿನಲ್ಲೂ ದುಬಾರಿ ಪ್ರವಾಸ ಹಿಡಿದರೆ ನಾಲ್ವರ ಕುಟುಂಬಕ್ಕೆ ಕ್ರೂಸ್ ಟಿಕೆಟ್ಟಿನಷ್ಟೇ ಖರ್ಚು ಬೀಳುತ್ತದೆ, ಜೊತೆಗೆ ಆಯಾಸ. ಅಲಾಸ್ಕಾದ ಮೂರು ಬಂದರುಗಳಿದ್ದರೆ ಒಂದರಲ್ಲಿ ದೊಡ್ಡ ಖರ್ಚಿನ ಪ್ರವಾಸ, ಒಂದರಲ್ಲಿ ಮಧ್ಯಮ ದರದ್ದು, ಇನ್ನೊಂದರಲ್ಲಿ ಕಾಲ್ನಡಿಗೆಯ ಸುತ್ತಾಟ ಎಂದು ಹಂಚಿಕೊಂಡರೆ ಮನಸ್ಸಿಗೂ ಮೈಗೂ ಹಿತ.

ದೊಡ್ಡ ಖರ್ಚನ್ನು ಜೂನೋದಲ್ಲಿ ಮಾಡುವುದು ಸರಿ. ಅಲಾಸ್ಕಾದ ರಾಜಧಾನಿಯಾದ ಈ ಊರಿಗೆ ಹೊರಗಿನಿಂದ ರಸ್ತೆಯೇ ಇಲ್ಲ. ಹಡಗು ಅಥವಾ ವಿಮಾನದಲ್ಲೇ ಬರಬೇಕು. ಇಲ್ಲಿಂದ ಸುಮಾರು 20 ಕಿಲೋಮೀಟರ್ ದೂರದ ಆಕ್ ಬೇ ಎಂಬಲ್ಲಿಂದ ತಿಮಿಂಗಿಲ ವೀಕ್ಷಣೆಯ ದೋಣಿಗಳು ಹೊರಡುತ್ತವೆ. ಮೆಂಡೆನ್‌ಹಾಲ್ ಹಿಮನದಿಯೂ ಅದೇ ದಿಕ್ಕಿನಲ್ಲಿರುವುದರಿಂದ ಎರಡನ್ನೂ ಸೇರಿಸಿದ ಐದಾರು ಗಂಟೆಗಳ ಪ್ರವಾಸ ಹಿಡಿಯುವುದು ಜಾಣತನ. ಹಿಮನದಿಗೆ ವಾಹನಗಳನ್ನು ಕರೆದೊಯ್ಯುವ ಪರವಾನಗಿಗಳು ಸೀಮಿತವಾಗಿರುವುದರಿಂದ ಈ ಜೋಡಿ ಪ್ರವಾಸಗಳು ಬೇಗ ಮುಗಿದುಹೋಗುತ್ತವೆ. ಹಿರಿಯರಿದ್ದರೆ ದೋಣಿಯಲ್ಲಿ ಬೆಚ್ಚನೆಯ ಒಳಕೋಣೆ ಮತ್ತು ಶೌಚಾಲಯ ಇದೆಯೇ ಎಂದು ಬುಕ್ ಮಾಡುವಾಗಲೇ ಓದಿಕೊಳ್ಳಿ. ಚಿಕ್ಕ ದೋಣಿಯಲ್ಲಿ ಹತ್ತು ಹನ್ನೆರಡು ಜನರಷ್ಟೇ ಇದ್ದು ನೋಟ ಚೆನ್ನಾಗಿರುತ್ತದೆ, ಆದರೆ ಮೂರು ಗಂಟೆ ಕೂರುವುದು ಎಲ್ಲರಿಗೂ ಆಗದು. ಅಲಾಸ್ಕಾದಲ್ಲಿ ಹಂಪ್‌ಬ್ಯಾಕ್ ತಿಮಿಂಗಿಲಗಳಿಂದ ಕನಿಷ್ಠ 100 ಗಜ ದೂರವಿರಬೇಕೆಂಬ ಕಾನೂನಿದೆ. ಆದ್ದರಿಂದ ಬರಿಗಣ್ಣಿಗೆ ಕಾಣುವುದು ಉಸಿರಿನ ಚಿಲುಮೆ, ಕಪ್ಪು ಬೆನ್ನು, ಮುಳುಗುವ ಮುನ್ನ ಮೇಲೇಳುವ ಬಾಲ; ಉಳಿದದ್ದಕ್ಕೆ ದುರ್ಬೀನು ಬೇಕು. ಮನೆಗೊಂದರಂತೆ, ಎಂಟು ಪಟ್ಟು ದೊಡ್ಡದಾಗಿ ತೋರಿಸುವ ಸಾಧಾರಣ 8×42ರ ದುರ್ಬೀನು ಒಯ್ದರೆ ಇಡೀ ವಾರ ಉಪಯೋಗಕ್ಕೆ ಬರುತ್ತದೆ.

ಮೆಂಡೆನ್‌ಹಾಲ್‌ನ ಸಂದರ್ಶಕ ಕೇಂದ್ರದಿಂದ ನಗೆಟ್ ಜಲಪಾತದವರೆಗಿನ ದಾರಿ ಹೋಗಿಬರಲು ಸುಮಾರು ಮೂರು ಕಿಲೋಮೀಟರ್, ಹೆಚ್ಚುಕಡಿಮೆ ಸಮತಟ್ಟು. ಕಡಿಮೆ ಖರ್ಚಿನಲ್ಲಿ ಹೋಗಬೇಕೆಂದು ನಗರ ಬಸ್ ಹಿಡಿದರೆ ಅದು ಕೇಂದ್ರದಿಂದ ಎರಡು ಕಿಲೋಮೀಟರಿಗೂ ಹೆಚ್ಚು ದೂರದಲ್ಲೇ ಇಳಿಸುತ್ತದೆ ಎಂಬುದು ನೆನಪಿರಲಿ. ಹಿಮನದಿಯ ಪಕ್ಕದ ಕಣಿವೆಯಲ್ಲಿ ತುಂಬಿಕೊಳ್ಳುವ ನೀರು ಒಮ್ಮೆಲೇ ಹೊರನುಗ್ಗಿ 2023, 2024 ಮತ್ತು 2025ರ ಆಗಸ್ಟ್ ತಿಂಗಳುಗಳಲ್ಲಿ ಇಲ್ಲಿ ಪ್ರವಾಹ ಬಂದಿದೆ. ಆಗಸ್ಟ್‌ನಲ್ಲಿ ಹೋಗುವವರು ಹಿಂದಿನ ದಿನದ ಸ್ಥಳೀಯ ಸೂಚನೆಯನ್ನು ನೋಡಿಕೊಂಡು ಹೊರಡಬೇಕು.

ಹೆಲಿಕಾಪ್ಟರಿನಲ್ಲಿ ಹೋಗಿ ಹಿಮನದಿಯ ಮೇಲೆ ಇಳಿಯುವ ಪ್ರವಾಸಕ್ಕೆ ತಲೆಗೆ ನೂರಾರು ಡಾಲರ್. ಬಟ್ಟೆ ಬೂಟುಗಳ ಸಮೇತ ತೂಕ ನೋಡುತ್ತಾರೆ, ನಿಗದಿತ ತೂಕ ಮೀರಿದವರಿಗೆ ಹೆಚ್ಚುವರಿ ಶುಲ್ಕ ಹಾಕುವುದುಂಟು. ಮೋಡ ಕವಿದರೆ ಹಾರಾಟ ರದ್ದಾಗುತ್ತದೆ, ಅವರಾಗಿಯೇ ರದ್ದು ಮಾಡಿದರೆ ಹಣ ಮರಳುತ್ತದೆ. ಇದೇ ಬಗೆಯ ಹಾರಾಟ ಸ್ಕಾಗ್‌ವೇಯಲ್ಲೂ ಇದೆ. ಆದ್ದರಿಂದ ಎರಡರಲ್ಲಿ ಮೊದಲು ಬರುವ ಬಂದರಿನಲ್ಲಿ ಬುಕ್ ಮಾಡಿಟ್ಟರೆ, ಅಲ್ಲಿ ತಪ್ಪಿದರೂ ಎರಡನೆಯದರಲ್ಲಿ ಪ್ರಯತ್ನಿಸಲು ಅವಕಾಶ ಉಳಿಯುತ್ತದೆ. ಮಳೆಯ ದಿನಕ್ಕೆ ಜೂನೋದಲ್ಲಿ ನಡೆದೇ ಹೋಗಬಹುದಾದ ಅಲಾಸ್ಕಾ ರಾಜ್ಯ ವಸ್ತುಸಂಗ್ರಹಾಲಯವನ್ನು ಮೊದಲೇ ಗುರುತಿಸಿಟ್ಟುಕೊಳ್ಳಿ. ರಾಬರ್ಟ್ಸ್ ಬೆಟ್ಟದ ಕೇಬಲ್ ಕಾರು ಬಂದರಿನ ಪಕ್ಕದಲ್ಲೇ ಇದೆ, ಆದರೆ ಮೋಡವಿದ್ದಾಗ ಮೇಲೇರಿದರೆ ಬಿಳಿಯ ಮಂಜಲ್ಲದೆ ಏನೂ ಕಾಣದು.

ಸ್ಕಾಗ್‌ವೇಯಲ್ಲಿ ರೈಲು. 1896ರಲ್ಲಿ ಕೆನಡಾದ ಕ್ಲೋಂಡೈಕ್‌ನಲ್ಲಿ ಚಿನ್ನ ಸಿಕ್ಕ ಸುದ್ದಿ ಹಬ್ಬಿ ಸಾವಿರಾರು ಜನ ಈ ಊರಿನ ಮೂಲಕ ಬೆಟ್ಟ ಹತ್ತಿದರು. ಒಂದು ವರ್ಷಕ್ಕಾಗುವಷ್ಟು, ಸುಮಾರು ಒಂದು ಟನ್ ದಿನಸಿ ಮತ್ತು ಸಾಮಾನು ಇಲ್ಲದವರನ್ನು ಕೆನಡಾದ ಪೊಲೀಸರು ಗಡಿ ದಾಟಲು ಬಿಡುತ್ತಿರಲಿಲ್ಲವಾದ್ದರಿಂದ ಅದೇ ಕಡಿದಾದ ದಾರಿಯನ್ನು ಹೊರೆ ಹೊತ್ತು ಹತ್ತಾರು ಸಲ ಹತ್ತಿಳಿದರು. ಆ ಕಷ್ಟಕ್ಕೆ ಉತ್ತರವಾಗಿ 1898ರಿಂದ 1900ರವರೆಗೆ ಕಟ್ಟಿದ ವೈಟ್ ಪಾಸ್ ಮತ್ತು ಯುಕಾನ್ ನ್ಯಾರೋಗೇಜ್ ರೈಲುಮಾರ್ಗ ಇಂದು ಪ್ರವಾಸಿಗರನ್ನು ಸುಮಾರು 32 ಕಿಲೋಮೀಟರ್ ದೂರದಲ್ಲಿ, 873 ಮೀಟರ್ ಎತ್ತರದಲ್ಲಿರುವ ಕಣಿವೆಯ ನೆತ್ತಿಗೆ ಕರೆದೊಯ್ದು ಮೂರು ಗಂಟೆಯೊಳಗೆ ಮರಳಿ ತರುತ್ತದೆ. ನಡೆಯಲಾಗದವರಿಗೆ ಇಷ್ಟು ದೃಶ್ಯ ಕೊಡುವ ಬೇರೆ ಪ್ರವಾಸ ಈ ಮಾರ್ಗದಲ್ಲಿಲ್ಲ. ನೆತ್ತಿ ತಲುಪಿದ ಮೇಲೆ ಎರಡೂ ಬದಿಯವರು ಸೀಟು ಅದಲುಬದಲು ಮಾಡಿಕೊಳ್ಳುವ ಪದ್ಧತಿಯಿದೆ, ಹೀಗಾಗಿ ಕಣಿವೆಯ ಬದಿ ಎಲ್ಲರಿಗೂ ಸಿಗುತ್ತದೆ. ನೆತ್ತಿಯವರೆಗೆ ಹೋಗಿ ಕೆಳಗಿಳಿಯದೆ ಮರಳುವ ರೈಲು ಬೇರೆ, ಕೆನಡಾದ ಒಳಗೆ ಇಳಿಸಿ ಬಸ್ಸಿನಲ್ಲಿ ತರುವ ಪ್ರವಾಸ ಬೇರೆ. ಎರಡನೆಯದಕ್ಕೆ ಪಾಸ್‌ಪೋರ್ಟ್ ಮತ್ತು ಕೆನಡಾ ವೀಸಾ ಕೈಯಲ್ಲಿರಬೇಕು. ಅವನ್ನು ಹಡಗಿನ ಲಾಕರಿನಲ್ಲಿ ಬಿಟ್ಟು ಇಳಿಯಬಾರದು.

ಕೆಚಿಕಾನ್ ನಡಿಗೆಗೆ ಇರಲಿ. ಇಲ್ಲಿ ವರ್ಷಕ್ಕೆ ಸುಮಾರು 3,600 ಮಿಲಿಮೀಟರ್ ಮಳೆ, ಅಂದರೆ ನಮ್ಮ ಮಡಿಕೇರಿಯ ಮಳೆಗೆ ಸರಿಜೋಡಿ, ಆದರೆ ಕೊರೆಯುವ ಚಳಿಯೊಂದಿಗೆ. ಮರದ ಕಂಬಗಳ ಮೇಲೆ ಹೊಳೆಯ ಅಂಚಿನಲ್ಲಿ ನಿಂತಿರುವ ಕ್ರೀಕ್ ಸ್ಟ್ರೀಟಿನ ಮನೆಗಳು, ಸಾಲ್ಮನ್ ಏರುವ ಕಾಲದಲ್ಲಾದರೆ ಸೇತುವೆಯ ಕೆಳಗೆ ಪ್ರವಾಹದೆದುರು ಈಜುವ ಮೀನುಗಳು, ಇವಕ್ಕೆ ಟಿಕೆಟ್ ಬೇಡ. ಮೂಲನಿವಾಸಿಗಳು ಮರದಲ್ಲಿ ಕೆತ್ತಿದ ಟೋಟೆಮ್ ಕಂಬಗಳನ್ನು ನೋಡಲು ಊರಿನ ದಕ್ಷಿಣಕ್ಕಿರುವ, ಟ್ಲಿಂಗಿಟ್ ಎಂಬ ಮೂಲನಿವಾಸಿ ಜನರ ಹಳ್ಳಿ ಸ್ಯಾಕ್ಸ್‌ಮನ್ ಅಥವಾ ಉತ್ತರದ ಟೋಟೆಮ್ ಬೈಟ್ ಉದ್ಯಾನಕ್ಕೆ ಹೋಗಬಹುದು. ಪಾಳುಬಿದ್ದ ಹಳ್ಳಿಗಳಲ್ಲಿ ಕೊಳೆಯುತ್ತಿದ್ದ ಕಂಬಗಳನ್ನು ತಂದು ಸ್ಥಳೀಯ ಕೆತ್ತನೆಗಾರರಿಂದ ಉಳಿಸುವ, ಮರಳಿ ಕೆತ್ತಿಸುವ ಕೆಲಸ 1938ರಲ್ಲಿ ಆರಂಭವಾಯಿತು. ಒಂದೊಂದು ಕಂಬವೂ ಒಂದು ಮನೆತನದ ಕಥೆಯಾದ್ದರಿಂದ ಸ್ಥಳೀಯ ಮಾರ್ಗದರ್ಶಿಯ ಮಾತು ಕೇಳುತ್ತ ನೋಡಿದರೆ ಮಾತ್ರ ಅರ್ಥವಾಗುತ್ತದೆ.

ಸಿಟ್ಕಾ ಬಂದರೆ ಅದೃಷ್ಟ: 1867ರ ಅಕ್ಟೋಬರ್ 18ರಂದು ರಷ್ಯಾ ಅಲಾಸ್ಕಾವನ್ನು ಅಮೆರಿಕಕ್ಕೆ ಒಪ್ಪಿಸಿದ್ದು ಈ ಊರಿನಲ್ಲೇ. ವಿಕ್ಟೋರಿಯಾದ ಬುಚಾರ್ಟ್ ಉದ್ಯಾನ ಬಂದರಿನಿಂದ 20 ಕಿಲೋಮೀಟರಿಗೂ ದೂರ. ಹಡಗು ಸಂಜೆ ತಡವಾಗಿ ಮುಟ್ಟಿದರೆ ಅದನ್ನು ಬಿಟ್ಟು ಒಳಬಂದರಿನ ದಂಡೆಯಲ್ಲಿ ಅಡ್ಡಾಡಿ ಬರುವುದೇ ಸರಿ.

ಬುಕಿಂಗ್ ಯಾರ ಮೂಲಕ ಎಂಬ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಹಡಗಿನವರ ಮೂಲಕ ಹೋದ ಪ್ರವಾಸ ತಡವಾದರೆ ಹಡಗು ಕಾಯುತ್ತದೆ, ಹೊರಗಿನವರಲ್ಲಿ ಬುಕ್ ಮಾಡಿದವರಿಗೆ ಕಾಯುವುದಿಲ್ಲ. ಊರಿನಿಂದ ದೂರ ಹೋಗುವ ಪ್ರವಾಸವನ್ನು ಹಡಗಿನ ಮೂಲಕ, ಹತ್ತಿರದ್ದನ್ನು ಸ್ಥಳೀಯರ ಮೂಲಕ ಕಡಿಮೆ ದರಕ್ಕೆ ತೆಗೆದುಕೊಳ್ಳಬಹುದು, ಆದರೆ ಹಡಗು ಹತ್ತುವ ಗಡುವಿಗೆ ಎರಡು ಗಂಟೆ ಮೊದಲೇ ಮುಗಿಯುವಂಥದ್ದಾಗಿರಲಿ. ಅಲಾಸ್ಕಾದ ಗಡಿಯಾರ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಫೋನಿನ ಸಮಯ ತಾನಾಗಿಯೇ ಬದಲಾಗಿ ಗೊಂದಲವಾಗಬಹುದು. ಪ್ರತಿ ರಾತ್ರಿ ಸಿಗುವ ದಿನಚರಿ ಪತ್ರದಲ್ಲಿರುವ ಹಡಗಿನ ಸಮಯವನ್ನೇ ನಂಬಿ ಕೈಗಡಿಯಾರ ಇಟ್ಟುಕೊಳ್ಳಬೇಕು. ಪ್ರವಾಸದ ವಿವರಣೆಯ ಕೊನೆಯಲ್ಲಿ ಚಿಕ್ಕ ಅಕ್ಷರಗಳಲ್ಲಿರುವ ನಡಿಗೆಯ ದೂರ, ಮೆಟ್ಟಿಲುಗಳ ಸಂಖ್ಯೆ, ವಯೋಮಿತಿಗಳನ್ನು ಮನೆಯ ಅತ್ಯಂತ ಹಿರಿಯರನ್ನು ಮನಸ್ಸಿನಲ್ಲಿಟ್ಟುಕೊಂಡು ಓದಿ. ಎಲ್ಲರೂ ಎಲ್ಲದಕ್ಕೂ ಜೊತೆಯಾಗಿ ಹೋಗಬೇಕೆಂದಿಲ್ಲ. ಮೊಮ್ಮಕ್ಕಳು ಬೆಟ್ಟ ಹತ್ತಿ ಬರುವಷ್ಟರಲ್ಲಿ ಅಜ್ಜ ಅಜ್ಜಿ ಬಂದರಿನ ಬಳಿ ನಿಧಾನವಾಗಿ ಒಂದು ಸುತ್ತು ಹಾಕಿ ಹಡಗಿಗೆ ಮರಳಬಹುದು.

ಆರನೆಯ ಹೆಜ್ಜೆ: ಬಟ್ಟೆ

ಬೇಸಿಗೆಯಲ್ಲಿ ಹಗಲಿನ ಉಷ್ಣತೆ ಸಾಮಾನ್ಯವಾಗಿ 12ರಿಂದ 18 ಡಿಗ್ರಿ ಸೆಲ್ಸಿಯಸ್. ಬೆಂಗಳೂರಿನ ಡಿಸೆಂಬರ್ ಬೆಳಗಿನಂತೆ ಕೇಳಿಸುವ ಈ ಅಂಕಿಯನ್ನು ನಂಬಿ ಒಂದು ಸ್ವೆಟರ್ ಮಾತ್ರ ಒಯ್ಯಬಾರದು. ಹಡಗು ಗಂಟೆಗೆ 35 ಕಿಲೋಮೀಟರ್ ವೇಗದಲ್ಲಿ ಸಾಗುವಾಗ ಡೆಕ್ಕಿನ ಮೇಲೆ ಅಷ್ಟೇ ಗಾಳಿ ಎದುರಾಗುತ್ತದೆ, ಹಿಮನದಿಯ ಮೇಲಿನಿಂದ ತಣ್ಣನೆಯ ಭಾರವಾದ ಗಾಳಿ ಇಳಿದುಬರುತ್ತದೆ. ದಪ್ಪನೆಯ ಒಂದೇ ಕೋಟಿಗಿಂತ ಮೂರು ಪದರ ಮೇಲು: ಮೈಗೆ ಅಂಟುವ ಥರ್ಮಲ್ ಒಳಉಡುಪು, ಅದರ ಮೇಲೆ ಫ್ಲೀಸ್ ಅಥವಾ ಉಣ್ಣೆ, ಹೊರಗೆ ತಲೆಯ ಮುಚ್ಚಿಗೆಯಿರುವ, ನೀರು ಒಳಬಿಡದ ಜಾಕೆಟ್. ಹತ್ತಿ ಬಟ್ಟೆ ಮತ್ತು ಜೀನ್ಸ್ ನೆನೆದರೆ ಬೇಗ ಒಣಗುವುದಿಲ್ಲ, ಮೈಯ ಶಾಖವನ್ನೂ ಎಳೆದುಬಿಡುತ್ತವೆ. ಸೀರೆಯನ್ನೇ ಉಡುವವರು ಒಳಗೆ ಥರ್ಮಲ್ ಪೈಜಾಮ, ಉಣ್ಣೆಯ ಕಾಲುಚೀಲ, ನೀರು ನುಗ್ಗದ ಬೂಟು ಹಾಕಿಕೊಂಡರೆ ಹಡಗಿನಲ್ಲಿ ಸಾಕು, ಆದರೆ ದೋಣಿ ಹತ್ತಿಳಿಯುವ ದಿನ ಸಲ್ವಾರ್ ಅಥವಾ ಪ್ಯಾಂಟೇ ಸುರಕ್ಷಿತ. ಗಾಳಿಗೆ ಕೊಡೆ ನಿಲ್ಲುವುದಿಲ್ಲ. ಮಂಕಿ ಟೋಪಿ, ಕೈಗವಸು, ತಂಪುಕನ್ನಡಕ ಮರೆಯಬಾರದು.

ಏಳನೆಯ ಹೆಜ್ಜೆ: ಊಟ, ಔಷಧ, ವಿಮೆ

ಸಸ್ಯಾಹಾರ ಅಥವಾ ಜೈನ ಆಹಾರ ಬೇಕೆಂಬುದನ್ನು ಬುಕಿಂಗ್ ಸಮಯದಲ್ಲೇ ದಾಖಲಿಸಿ, ಮೊದಲ ರಾತ್ರಿ ಮುಖ್ಯ ಊಟದ ಮನೆಯ ಮೇಲ್ವಿಚಾರಕರನ್ನು ಭೇಟಿಯಾಗಿ ಮತ್ತೊಮ್ಮೆ ಹೇಳಿ. ಮರುದಿನದ ಊಟಕ್ಕೆ ಹಿಂದಿನ ರಾತ್ರಿಯೇ ತಿಳಿಸಿದರೆ ಅನ್ನ, ಬೇಳೆ, ಪಲ್ಯ ಮಾಡಿಕೊಡುವವರು ಬಹಳ ಹಡಗುಗಳಲ್ಲಿದ್ದಾರೆ. ಎಲೆಕ್ಟ್ರಿಕ್ ಕೆಟಲ್, ರೈಸ್ ಕುಕ್ಕರುಗಳನ್ನು ಬೆಂಕಿಯ ಭಯದಿಂದ ಹಡಗಿಗೆ ಬಿಡುವುದಿಲ್ಲ. ಮನೆಯಲ್ಲಿ ಮಾಡಿದ ತಿಂಡಿಗಿಂತ ಅಂಗಡಿಯ ಮುಚ್ಚಿದ ಪೊಟ್ಟಣದ ಚಟ್ನಿಪುಡಿ, ಖಾಖ್ರಾ ಒಯ್ಯುವುದು ತಪಾಸಣೆಯಲ್ಲಿ ಸುಲಭ, ಮತ್ತು ಹಣ್ಣು ತರಕಾರಿಗಳನ್ನು ಹಡಗಿನಿಂದ ದಡಕ್ಕೆ ಒಯ್ಯುವಂತಿಲ್ಲ. ಹೊಯ್ದಾಟಕ್ಕೆ ಮಾತ್ರೆ ತೆಗೆದುಕೊಳ್ಳುವುದಾದರೆ ರಕ್ತದೊತ್ತಡ, ಪ್ರಾಸ್ಟೇಟ್, ಗ್ಲಾಕೋಮಾ ಇರುವ ಹಿರಿಯರು ಮೊದಲೇ ವೈದ್ಯರನ್ನು ಕೇಳಬೇಕು. ಮಾತ್ರೆ ವಾಂತಿ ಬಂದ ಮೇಲಲ್ಲ, ಸಮುದ್ರ ಏರುಪೇರಾಗುವ ಮೊದಲೇ ತೆಗೆದುಕೊಂಡರೆ ಕೆಲಸ ಮಾಡುವುದು. ಹಡಗಿನ ಚಿಕಿತ್ಸಾಲಯದ ಬಿಲ್ಲು ದುಬಾರಿ, ಅಲಾಸ್ಕಾದಿಂದ ರೋಗಿಯನ್ನು ವಿಮಾನದಲ್ಲಿ ಸಾಗಿಸುವುದು ಇನ್ನೂ ದುಬಾರಿ. ವಿಮೆಯ ಪತ್ರದಲ್ಲಿ ತುರ್ತು ಸಾಗಣೆಯ ವೆಚ್ಚ ಮತ್ತು ಮೊದಲಿನಿಂದಲೂ ಇರುವ ಕಾಯಿಲೆಗಳು ಸೇರಿವೆಯೇ ಎಂದು ಓದದೆ ಹಣ ಕಟ್ಟಬೇಡಿ.

ಎಂಟನೆಯ ಹೆಜ್ಜೆ: ಹಿಮನದಿಯ ದಿನ ಮತ್ತು ಇಳಿಯುವ ದಿನ

ಹಿಮನದಿಯ ದಿನ ಬೆಳಗ್ಗೆ ಬೇಗ ತಿಂಡಿ ಮುಗಿಸಿ, ಹಡಗು ಹಿಮದ ಮುಂದೆ ನಿಲ್ಲುವ ಒಂದು ಗಂಟೆ ಮೊದಲೇ ಮುಂಭಾಗದ ತೆರೆದ ಡೆಕ್ಕಿನಲ್ಲಿ ಜಾಗ ಹಿಡಿಯಬೇಕು. ಹಿಮದ ಗೋಡೆಯಿಂದ ದೊಡ್ಡ ತುಂಡು ಕಳಚಿ ಬೀಳುವುದನ್ನು ನೋಡಲು ಒಂದು ಉಪಾಯವಿದೆ: ಸದ್ದಿಗೆ ಕಾಯಬಾರದು. ಹಡಗು ದೂರದಲ್ಲಿ ನಿಂತಿರುವುದರಿಂದ ಸದ್ದು ಒಂದೆರಡು ಸೆಕೆಂಡು ತಡವಾಗಿ ಕಿವಿ ಮುಟ್ಟುತ್ತದೆ, ಅಷ್ಟರಲ್ಲಿ ತುಂಡು ನೀರಿಗೆ ಬಿದ್ದಾಗಿರುತ್ತದೆ. ದುರ್ಬೀನಿನಿಂದ ಗೋಡೆಯನ್ನು ನಿಧಾನವಾಗಿ ಗಮನಿಸಿ, ಪುಡಿ ಹಿಮ ಉದುರುತ್ತಿರುವ ಬಿರುಕು ಎಲ್ಲಿದೆಯೋ ಅಲ್ಲಿಯೇ ಕಣ್ಣು ನೆಟ್ಟಿರಬೇಕು. ದೊಡ್ಡ ಕುಸಿತಕ್ಕೆ ಮುನ್ನ ಹಲವು ಸಲ ಹೀಗೆ ಸಣ್ಣಪುಟ್ಟ ಚೂರುಗಳು ಉದುರುತ್ತವೆ. ಹಿಮ ನೀಲಿಯಾಗಿ ಕಾಣುವುದು ಶತಮಾನಗಳ ಭಾರಕ್ಕೆ ಒತ್ತಿ ಗಟ್ಟಿಯಾದ ಮಂಜು ಬೆಳಕಿನ ಕೆಂಪನ್ನು ಹೀರಿಕೊಳ್ಳುವುದರಿಂದ. ಮೋಡವಿರುವ ದಿನ ಆ ನೀಲಿ ಇನ್ನೂ ಗಾಢ, ಹಾಗಾಗಿ ಬಿಸಿಲಿಲ್ಲವೆಂದು ಕೊರಗಬೇಕಿಲ್ಲ. ಚಳಿಗೆ ಫೋನು, ಕ್ಯಾಮೆರಾಗಳ ಬ್ಯಾಟರಿ ಬೇಗ ಇಳಿಯುವುದರಿಂದ ಇನ್ನೊಂದು ಬ್ಯಾಟರಿಯನ್ನು ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟುಕೊಳ್ಳಿ. ಸಮುದ್ರದ ಮೇಲೆ ಫೋನು ಏರೋಪ್ಲೇನ್ ಮೋಡ್‌ನಲ್ಲೇ ಇರಲಿ, ಹಡಗಿನ ಮೊಬೈಲ್ ಜಾಲಕ್ಕೆ ಸೇರಿಕೊಂಡರೆ ಶುಲ್ಕ ವಿಪರೀತ.

ಹೊರಡುವ ಊರಿಗೆ ಒಂದು ದಿನ ಮೊದಲೇ, ಭಾರತದಿಂದ ನೇರವಾಗಿ ಬರುವವರಾದರೆ ಎರಡು ದಿನ ಮೊದಲೇ ತಲುಪಿರಬೇಕು. ವಿಮಾನ ತಡವಾದರೆ ಹಡಗು ಕಾಯುವುದಿಲ್ಲ. ಕೊನೆಯ ರಾತ್ರಿ ಪೆಟ್ಟಿಗೆಗಳನ್ನು ಕೋಣೆಯ ಹೊರಗಿಡಲು ಹೇಳುತ್ತಾರೆ, ಅವು ಮರುದಿನ ದಡದಲ್ಲೇ ಸಿಗುವುದು. ಪಾಸ್‌ಪೋರ್ಟ್, ಔಷಧ, ಬೆಳಗ್ಗೆ ಉಡುವ ಬಟ್ಟೆ, ಒಂದು ಜಾಕೆಟ್ ಇವನ್ನು ಕೈಚೀಲದಲ್ಲಿ ಉಳಿಸಿಕೊಂಡು, ಮರಳುವ ವಿಮಾನವನ್ನು ಮಧ್ಯಾಹ್ನದ ನಂತರದ ಹೊತ್ತಿಗೇ ಕಾದಿರಿಸಿ.